ಬಾಯಿ ಕಾಣುವ ಹಾಗೆ ಕೂರಿ

ಏಪ್ರಿಲ್ 9
ಹಾಸ್ಟೆಲ್, ಮೂರನೇ ಮಹಡಿ

ಅಮ್ಮ,

ಹೀಗೆ ಕಾಗದ ಬರೆದು ತೊಂದರೆ ಕೊಡುತ್ತಿರುವುದಕ್ಕೆ ಮೊದಲೇ ಸಾರಿ. ನಿನಗೆ ಈಗ ಉಸಿರಾಡಲೂ ಪುರುಸೊತ್ತಿಲ್ಲ ಅಂತ ಗೊತ್ತು. ನನಗೆ ಕಾಗದ ಬರೆಯಲೂ ಸರಿಯಾಗಿ ಬರುವುದಿಲ್ಲ. ಪರೀಕ್ಷೆಯ ಪತ್ರಲೇಖನ ಬಿಟ್ಟರೆ ಇದೇ ಮೊದಲನೆಯದು. ಅಲ್ಲಿ 'ನಾನು ಇಲ್ಲಿ ಕ್ಷೇಮ' ಅಂತ ಶುರು ಮಾಡಿದರೆ ಒಂದು ಮಾರ್ಕ್ಸ್ ಗ್ಯಾರಂಟಿ. ಇಲ್ಲಿ ಹಾಗೆ ಬರೆಯಲು ಕೈ ಬರಲಿಲ್ಲ, ಅದಕ್ಕೂ ಸಾರಿ.

ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಸ್ವಲ್ಪ ಹೊತ್ತಿಗೆ 'ಪೇಷಂಟ್ ಇದ್ದರು. ಊಟ ಮಾಡು' ಅಂತ ಮೆಸೇಜ್ ಬರುತ್ತದೆ. ನಾನು ಉದ್ದ ಮೆಸೇಜ್ ಬರೆದರೆ ಎರಡು ಪದದಲ್ಲಿ ಮುಗಿಸುತ್ತೀಯ. ವಿಡಿಯೋ ಕಾಲ್ ಮಾಡೋಣವೆಂದರೆ ಹಾಸ್ಟೆಲಿನ ನೆಟ್‌ವರ್ಕ್ ಕ್ಲಾಸಿಗೇ ಸಾಲುವುದಿಲ್ಲ, ನನ್ನ ಮುಖ ಚೌಕ ಚೌಕವಾಗಿ ಒಡೆದು ನಿಂತುಬಿಡುತ್ತದೆ. ಕಾಗದವನ್ನು ಮಾತ್ರ ಯಾರೂ ಅರ್ಧಕ್ಕೆ ಕಟ್ ಮಾಡಲಾರರು ಅನ್ನಿಸಿತು. ಅಂಚೆಯವರು ವಾರಕ್ಕೆ ಎರಡು ಸಲ ಗೇಟಿನವರೆಗೆ ಬರುತ್ತಾರಂತೆ. ವಾರ್ಡನ್ ಹೇಳಿದರು.

ಲಾಕ್‌ಡೌನ್ ಆದ ಮೇಲೆ ನಮ್ಮ ಮಹಡಿ ಖಾಲಿ. ನಾನೊಬ್ಬಳು, ಆ ತುದಿಯಲ್ಲಿ ಒಬ್ಬರು ಸೀನಿಯರ್ ಅಕ್ಕ. ಅವರ ಬಾಗಿಲ ಕೆಳಗಿನ ಬೆಳಕು ನೋಡಿ ಅವರಿದ್ದಾರೆ ಅಂದುಕೊಳ್ಳುತ್ತೇನೆ. ಊಟದ ಡಬ್ಬಿ ಬಾಗಿಲಿಗೇ ಬರುತ್ತದೆ. ತಂದವರು ಬಾಗಿಲು ತಟ್ಟಿ, ನಾನು ತೆಗೆಯುವಷ್ಟರಲ್ಲಿ ಮೆಟ್ಟಿಲಿಳಿದಿರುತ್ತಾರೆ. ಕ್ಲಾಸಿನಲ್ಲಿ ಎಲ್ಲರೂ ಮ್ಯೂಟ್. ಇಡೀ ದಿನ ಹಾಗಿದ್ದು, ಸಂಜೆ ವಾರ್ಡನ್ ಕೆಳಗಿನಿಂದ ರೂಮ್ ನಂಬರ್ ಕೂಗಿದಾಗ 'ಪ್ರೆಸೆಂಟ್' ಅಂದರೆ, ಅದು ಬೇರೆ ಯಾರದೋ ದನಿ ಅನ್ನಿಸುತ್ತದೆ.

ಈಗ ವಿಷಯಕ್ಕೆ ಬರುತ್ತೇನೆ. ನಮ್ಮೂರ ಲೈಬ್ರರಿ ಮೇಡಂ ನನಗೆ ಫೋನ್ ಮಾಡಿದ್ದರು. ರಿಟೈರ್ ಆಗಿ ಇಷ್ಟು ವರ್ಷವಾದರೂ ಫೋನಿನಲ್ಲೂ ಪಿಸುಗುಟ್ಟುತ್ತಲೇ ಮಾತಾಡುತ್ತಾರೆ, ಪಕ್ಕದಲ್ಲಿ ಯಾರೋ ಓದುತ್ತಾ ಕೂತಿದ್ದಾರೆ ಅನ್ನುವ ಹಾಗೆ. "ನಿಮ್ಮಮ್ಮ ಬಾಗಿಲಿಗೆ ಬೋರ್ಡ್ ಹಾಕಿದಾರೆ ಕಣೇ, ಇನ್ಮುಂದೆ ಫೋನಲ್ಲೇ ನೋಡ್ತೀನಿ ಅಂತ. ಆದ್ರೆ ಫೋನ್ ಎತ್ತೋದೇ ಇಲ್ಲ. ನನ್ನ ಶುಗರ್ ಮಾತ್ರೆ ಬದಲಾಯಿಸ್ಬೇಕೋ ಏನೋ, ಯಾರನ್ನ ಕೇಳ್ಲಿ? ಟೈಪ್ ಮಾಡೋಣ ಅಂದ್ರೆ ಈ ಕಣ್ಣಿಗೆ ಅಕ್ಷರ ಎಲ್ಲಾ ಇರುವೆ ಸಾಲು." ನಾನು 'ಹೇಳ್ತೀನಿ ಮೇಡಂ' ಅಂದೆ. ಒಳಗೊಳಗೆ ಒಂದು ಕೆಟ್ಟ ಸಮಾಧಾನವೂ ಆಯಿತು. ನನ್ನೊಬ್ಬಳ ಫೋನನ್ನೇ ಅಲ್ಲವಲ್ಲ ನೀನು ಎತ್ತದಿರುವುದು.

ಇನ್ನೊಂದು ಮಾತು. ಮನೆಯವರು ಒಪ್ಪಿ ಬರೆದರೆ ವಾರ್ಡನ್ ಊರಿಗೆ ಹೋಗುವ ಪಾಸ್ ಮಾಡಿಸಿ ಕಳಿಸುತ್ತಾರಂತೆ. ನಾನು ಮನೆಗೆ ಬರಲೇ?

ನಿನ್ನ
ಕಡ್ಡಿ


ಏಪ್ರಿಲ್ 19
ಕ್ಲಿನಿಕ್

ಪ್ರೀತಿಯ ಕಡ್ಡಿ,

ನಿನ್ನ ಕಾಗದ ಬಂತು. ಸಾರಿ ಎರಡು ಕಡೆ ಇದೆ, ನೀನು ಕ್ಷೇಮ ಅನ್ನುವುದು ಒಂದು ಕಡೆಯೂ ಇಲ್ಲ. ಅಕ್ಷರಗಳು ಬಲಕ್ಕೆ ವಾಲಿವೆ. ಸರಿಯಾಗಿ ನಿದ್ದೆ ಮಾಡುತ್ತಿಲ್ಲ ಅಂತ ಕಾಣುತ್ತದೆ.

ಫೋನಿನಲ್ಲೇ ನೋಡಬೇಕು ಅನ್ನುವುದು ನನ್ನ ಆಸೆಯಲ್ಲ, ಆರೋಗ್ಯ ಇಲಾಖೆಯ ಆದೇಶ. ತುರ್ತಿನವರನ್ನು ಮಾತ್ರ ಕಿಟಕಿಯಿಂದ ನೋಡುತ್ತೇನೆ. ಹೊಟ್ಟೆನೋವು ಅಂದವನ ಹೊಟ್ಟೆ ಒತ್ತದೆ ನಾನು ಯಾವತ್ತೂ ಔಷಧಿ ಬರೆದವಳಲ್ಲ. ಫೋನಿನಲ್ಲಿ ಎಲ್ಲಿ ಒತ್ತಲಿ? ಅದಕ್ಕೇ ಎಲ್ಲರಿಗೂ ಬರೆದು ಕಳಿಸಿ ಅಂದಿದ್ದೇನೆ. ಬರೆಯುತ್ತಾರೆ. ಒಬ್ಬರು ತಮ್ಮ ಕೆಮ್ಮಿನ ಕಥೆಯನ್ನು ಮದುವೆಯಿಂದ ಶುರು ಮಾಡಿದ್ದಾರೆ. ಬಡಗಿ ಬರೀ ಒಂದು ಅಳುವ ಮುಖದ ಚಿತ್ರ ಕಳಿಸಿದ್ದಾನೆ. ಎಲ್ಲಿ ನೋವು ಅಂತ ಕೇಳಿದರೆ ಇನ್ನೂ ನಾಲ್ಕು ಕಳಿಸಿದ. ಕೆಲವರು ಮಾತಾಡಿ ರೆಕಾರ್ಡ್ ಮಾಡಿ ಕಳಿಸುತ್ತಾರೆ. ಅಂಥದ್ದಕ್ಕೆ ಉತ್ತರ ಕೊಡುವುದಿಲ್ಲ ಅಂತ ಹೇಳಿಬಿಟ್ಟಿದ್ದೇನೆ.

ಕಾಂಪೌಂಡರ್ ಮಾಮನಿಗೆ ಅರವತ್ತು ದಾಟಿದ್ದರಿಂದ ಸೊಸೆಯಂದಿರು ಹೊಸಿಲು ದಾಟಲು ಬಿಡುತ್ತಿಲ್ಲ. ಚೀಟಿ ಕಳಿಸಿದ್ದಾನೆ, 'ಜೈಲಿನಲ್ಲಾದರೂ ವಿಸಿಟರ್ಸ್ ಇರುತ್ತಾರೆ' ಅಂತ. ಹಾಗಾಗಿ ಕ್ಲಿನಿಕ್ಕಿನಲ್ಲಿ ನಾನೊಬ್ಬಳೇ. ಪೇಷಂಟಿನ ಕುರ್ಚಿಯನ್ನು ದಿನಾ ಒರೆಸುತ್ತೇನೆ, ಯಾರೂ ಕೂರದಿದ್ದರೂ.

ಮೇಡಂಗೆ ಮಾತ್ರೆಯ ವಿಷಯ ಬರೆದು ಅವರ ಕೆಳಗಿನ ಮನೆಯವರ ಕೈಲಿ ಕಳಿಸುತ್ತೇನೆ.

ಮನೆಗೆ ಬರುವುದು ಈಗ ಬೇಡ. ಇಲ್ಲಿ ಜ್ವರದವರು ಬಂದು ಹೋಗುತ್ತಾರೆ, ಪಾಸಿನವರ ಬಸ್ಸಿನಲ್ಲಿ ಯಾರ್ಯಾರೋ ಇರುತ್ತಾರೆ. ಅಲ್ಲಿ ನಿನಗೆ ಕೋಣೆ ಇದೆ, ಊಟ ಇದೆ, ಓದಿದೆ. ಹೀಗೇ ಕಾಗದ ಬರೆ. ನಿನ್ನ ಕಾಗದ ನನಗೆ ಇಷ್ಟವಾಯಿತು, ಎರಡು ಸಲ ಓದಿದೆ.

ನಿನ್ನ
ಅಮ್ಮ


ಏಪ್ರಿಲ್ 27
ಹಾಸ್ಟೆಲ್

ಅಮ್ಮ,

ಸಾರಿ ಬರೆಯಬಾರದು ಅಂತ ನಿರ್ಧಾರ ಮಾಡಿ ಕೂತಿದ್ದೇನೆ. ಬರೆದುಬಿಟ್ಟೆ. ಇದು ಲೆಕ್ಕಕ್ಕಿಲ್ಲ.

ನಾನೂ ಒಬ್ಬ ಡಾಕ್ಟರಿಗೆ ತೋರಿಸಿಕೊಂಡೆ, ಫೋನಿನಲ್ಲಿ. ಹೆದರಬೇಡ, ಏನೂ ಆಗಿಲ್ಲ. ಸೋಮವಾರ ಗಂಟಲು ಕೆರೆಯಿತು, ಆಮೇಲೆ ಮೈ ಬಿಸಿ ಅನ್ನಿಸಿತು. ಒಬ್ಬಳೇ ಇದ್ದಾಗ ಹಣೆ ಮುಟ್ಟಿ ನೋಡಿಕೊಂಡರೆ ಗೊತ್ತಾಗುವುದೇ ಇಲ್ಲವಲ್ಲ, ಕೈಯೂ ಅಷ್ಟೇ ಬಿಸಿ ಇರುತ್ತದೆ. ವಾರ್ಡನ್ ಕಾಲೇಜಿನ ಡಾಕ್ಟರ ನಂಬರ್ ಕೊಟ್ಟರು. ಅವರು ಎರಡನೇ ರಿಂಗಿಗೇ ಎತ್ತಿದರು. (ಇದನ್ನು ಚುಚ್ಚಬೇಕು ಅಂತಲೇ ಬರೆಯುತ್ತಿದ್ದೇನೆ.)

"ಉಸಿರು ಎಳ್ಕೊಂಡು ಹಿಡ್ಕೋ. ನಾನು ಹೇಳೋವರೆಗೂ ಬಿಡ್ಬೇಡ" ಅಂದರು. ಹಿಡಿದುಕೊಂಡೆ. ಆ ಕಡೆ ಸದ್ದೇ ಇಲ್ಲ. ಲೈನ್ ಕಟ್ ಆಗಿತ್ತು. ನಾನು ಕಣ್ಣು ಬಿಟ್ಟುಕೊಂಡು ಕಾಯುತ್ತಲೇ ಇದ್ದೆ. ಮತ್ತೆ ಫೋನ್ ಬಂತು. "ಇನ್ನೂ ಬದುಕಿದ್ಯೇನಮ್ಮ? ಅಷ್ಟು ಹೊತ್ತು ಹಿಡ್ಕೊಂಡ್ಯಾ? ಹಾಗಾದ್ರೆ ನಿನ್ನ ಶ್ವಾಸಕೋಶ ನನ್ನದಕ್ಕಿಂತ ಚೆನ್ನಾಗಿದೆ. ಬಿಸಿನೀರು ಕುಡಿದು ಮಲಕ್ಕೋ." ನಾನು ನಕ್ಕೆ. ಆಮೇಲೆ ಅವರು "ಮನೇಲಿ ಯಾರಿದಾರೆ?" ಅಂತ ಕೇಳಿದರು. ಅಮ್ಮ ಡಾಕ್ಟರ್ ಅಂದೆ. "ಅಯ್ಯೋ, ಮನೇಲೇ ಡಾಕ್ಟರ್ ಇಟ್ಕೊಂಡು ನನಗ್ಯಾಕಮ್ಮ ಫೋನ್ ಮಾಡ್ದೆ?" ಅಂದರು. ನಾನು ಥ್ಯಾಂಕ್ಸ್ ಹೇಳಿ ಫೋನ್ ಇಟ್ಟೆ.

ನಿನಗೆ ಬರೆಯುವಾಗ ಜ್ವರ ಇಲ್ಲ. ಆದರೂ ಕೇಳುತ್ತೇನೆ. ಎಲ್ಲ ಕಡೆ ಡಾಕ್ಟರುಗಳು ಫೋನಿನಲ್ಲಿ, ವಿಡಿಯೋದಲ್ಲಿ ನೋಡುತ್ತಿದ್ದಾರೆ. ನೀನು ಯಾಕೆ ಮಾಡುವುದಿಲ್ಲ? ಒತ್ತಿ ನೋಡಲು ಆಗದಿದ್ದರೆ ಕಣ್ಣಿಂದಲಾದರೂ ನೋಡಬಹುದಲ್ಲ? ಮೇಡಂ ವಾರಕ್ಕೆ ಮೂರು ನಾಲ್ಕು ಸಲ ನನಗೆ ಫೋನ್ ಮಾಡುತ್ತಾರೆ. ಅವರಿಗೆ ಮಾತ್ರೆಯ ಚೀಟಿ ಸಿಕ್ಕಿದೆ. ಆದರೆ ಚೀಟಿಯ ಜೊತೆ ಯಾರು ಮಾತಾಡುತ್ತಾರೆ ಹೇಳು.

ಮನೆಗೆ ಬರಬೇಡ ಅಂದಿದ್ದೀಯ. ಸರಿ. ಕೋಣೆ ಇದೆ, ಊಟ ಇದೆ, ಓದಿದೆ.

ಕಡ್ಡಿ


ಮೇ 6
ಕ್ಲಿನಿಕ್

ಕಡ್ಡಿ,

ನಿನ್ನ ಚುಚ್ಚು ತಲುಪಿತು. ಜ್ವರ ಬಂದರೆ ಮೊದಲು ನನಗೆ ಮೆಸೇಜ್ ಮಾಡಬೇಕು. ಎಷ್ಟು ಹೊತ್ತಾದರೂ ಸರಿ. ಇದು ಅಮ್ಮನ ಮಾತಲ್ಲ, ಡಾಕ್ಟರ ಆರ್ಡರ್.

ನೀನು ಹೇಳಿದ ಹಾಗೆ ವಿಡಿಯೋ ಶುರು ಮಾಡಿದ್ದೇನೆ. ಬೇಸಿನ್ನಿನ ಪಕ್ಕದಲ್ಲಿ ಪುಸ್ತಕಗಳನ್ನು ಪೇರಿಸಿ, ಅದರ ಮೇಲೆ ಫೋನ್ ನಿಲ್ಲಿಸಿಕೊಂಡು ಕೂರುತ್ತೇನೆ. ಒಂದು ಆಸೆಯಿಂದಲೇ ಕೂತೆ. ಏನು ಆಸೆ ಅಂತ ಇನ್ನೊಂದು ದಿನ ಬರೆಯುತ್ತೇನೆ.

ಮೊದಲು ಬಂದವನು ಬಡಗಿ. ತನ್ನ ಮನೆಯಲ್ಲಿ, ತನ್ನ ಮಂಚದ ಮೇಲೆ, ಕಿಟಕಿ ಬಾಗಿಲು ಹಾಕಿಕೊಂಡು ಒಬ್ಬನೇ ಕೂತಿದ್ದಾನೆ, ಮೂಗು ಬಾಯಿ ಮುಚ್ಚುವ ಹಾಗೆ ಮಾಸ್ಕ್ ಬಿಗಿದುಕೊಂಡು! ನಾನು ಕೈಯಿಂದ ಮಾಸ್ಕ್ ತೋರಿಸಿ ಸನ್ನೆ ಮಾಡಿದೆ. ಅವನು ಗಾಬರಿಯಾಗಿ ಅದನ್ನು ಇನ್ನೂ ಮೇಲಕ್ಕೆ, ಕಣ್ಣಿನವರೆಗೆ ಎಳೆದುಕೊಂಡ. ತೆಗಿಯಪ್ಪಾ ಅಂದರೆ ತಲೆ ಅಲ್ಲಾಡಿಸುತ್ತಾನೆ. ಕೊನೆಗೆ ಬರೆದು ಕಳಿಸಿದ: 'ಡಾಕ್ಟರ ಮುಂದೆ ಹಾಕದೆ ಕೂತರೆ ಮರ್ಯಾದೆ ಅಲ್ಲ.' ಅವನೊಬ್ಬನೇ ಅಲ್ಲ, ಎಲ್ಲರೂ ಹೀಗೇ. ಬೀದಿಯಲ್ಲಿ ಗದ್ದಕ್ಕೆ ಇಳಿಸಿಕೊಂಡು ಓಡಾಡುವವರು ನನ್ನ ಪರದೆಯ ಮೇಲೆ ಬರುವಾಗ ಒಗೆದ ಮಾಸ್ಕ್ ಹಾಕಿಕೊಂಡು ಬರುತ್ತಾರೆ. ಇಷ್ಟು ವರ್ಷ ಗದರಿದ್ದಕ್ಕೆ ಸಿಕ್ಕ ಮರ್ಯಾದೆ ಇದು. ನಗು ಬರಬೇಕು, ಅಲ್ಲವೇ?

ನಿನ್ನ ಮೇಡಮ್ಮೂ ಬಂದಿದ್ದರು, ಹೂವಿನ ಚಿತ್ರದ ಮಾಸ್ಕ್, ಬಾಚಿದ ತಲೆ. ಕಣ್ಣು ಲವಲವಿಕೆಯಾಗಿದೆ. ಊತ ಇಲ್ಲ. ಈಗಿರುವುದನ್ನೇ ಮುಂದುವರಿಸಿ ಅಂದೆ.

ಸಂಜೆ ಎಲ್ಲ ಮುಗಿದ ಮೇಲೆ ಪರದೆಯಲ್ಲಿ ನನ್ನ ಮುಖ ಒಂದೇ ಉಳಿಯುತ್ತದೆ. ಅದನ್ನು ನೋಡುವುದು ರೂಢಿ ಇಲ್ಲ, ಬೇಗ ಆರಿಸಿಬಿಡುತ್ತೇನೆ.

ಬಿಸಿನೀರು ಕುಡಿ.

ಅಮ್ಮ


ಮೇ 12
ಹಾಸ್ಟೆಲ್

ಅಮ್ಮ,

ನಿನ್ನೆ ಮೇಡಂ ಫೋನ್ ಮಾಡಿದ ಕೂಡಲೇ ನಿನಗೆ ಮೆಸೇಜ್ ಮಾಡಿದೆ, ನೀನು 'ಹೊರಟೆ' ಅಂತ ಬರೆದೆ. ಅದರಾಚೆ ಏನೂ ಗೊತ್ತಿಲ್ಲ. ರಾತ್ರಿಯಿಡೀ ಕಾದು ಈಗ ಕಾಗದ ಹಿಡಿದಿದ್ದೇನೆ. ಮೇಡಂ ಹೇಳಿದ್ದನ್ನು ಪೂರ್ತಿ ಬರೆಯುತ್ತೇನೆ, ಯಾಕೆಂದರೆ ನನಗೆ ಇನ್ನೂ ಅರ್ಥವಾಗಿಲ್ಲ.

ಅವರು ಬೇರೇನೋ ಹೇಳಲು ಫೋನ್ ಮಾಡಿದ್ದರು. ಮಧ್ಯದಲ್ಲಿ, "ಈ ಕಾಲಿನ ಬೆರಳದ್ದು ವಾಸನೆ ಬರ್ತಿದೆ ಕಣೇ, ಅದಕ್ಕೆ ಕಿಟಕಿ ತೆಗೆದಿಟ್ಟಿದೀನಿ" ಅಂದರು. ಯಾವ ಬೆರಳು ಮೇಡಂ? "ಅದೇ, ಚಪ್ಪಲಿ ಉಜ್ಜಿ ಹುಣ್ಣಾಗಿತ್ತಲ್ಲ. ಕಪ್ಪಗಾಗಿದೆ. ನೋವೇನಿಲ್ಲ." ಅಮ್ಮನಿಗೆ ಹೇಳಲಿಲ್ಲವಾ ಅಂದೆ. "ಅಯ್ಯೋ, ಅವತ್ತು ಫೋನಲ್ಲಿ ಮುಖ ನೋಡ್ಕೊಂಡೇ ಎಲ್ಲಾ ಹೇಳ್ದೆ. ಹುಣ್ಣು, ಕೀವು, ಎಲ್ಲಾ. ಕಾಲು ಎತ್ತಿ ತೋರಿಸೋಕೆ ಸಂಕೋಚ ಆಯ್ತು, ಅವರ ಮುಖದ ಮುಂದೆ ಕಾಲು ಹಿಡಿಯೋದಾ? ಬಾಯಲ್ಲೇ ವಿವರವಾಗಿ ಹೇಳ್ದೆ. ತಲೆ ಆಡಿಸ್ತಾ ಕೇಳ್ಕೊಂಡು, 'ಒಳ್ಳೇದು, ಹಾಗೇ ಮುಂದುವರಿಸಿ' ಅಂದ್ರು. ಡಾಕ್ಟರಮ್ಮ ಅಂದ ಮೇಲೆ ಸರಿಯೇ ಇರುತ್ತೆ."

ಶುಗರ್ ಇರುವವರ ಕಾಲಿನ ಹುಣ್ಣು ಎಂದರೇನು ಅಂತ ನನಗೇ ಗೊತ್ತು. ನಾನು ಓದುತ್ತಿರುವುದು ಸ್ಟ್ಯಾಟಿಸ್ಟಿಕ್ಸ್. ಆದರೆ ನಿನ್ನ ಮನೆಯಲ್ಲಿ ಹುಟ್ಟಿದವಳು. ಒಂದು ಗೀರು ಬಿದ್ದರೆ ಮೂರು ದಿನ ಬಿಚ್ಚಿ ಬಿಚ್ಚಿ ನೋಡುವವಳು ನೀನು. ನೀನು ಅದನ್ನು ಕೇಳಿ 'ಒಳ್ಳೇದು' ಅಂದೆಯಾ?

ಅಮ್ಮ, ನಿನಗೆ ಏನಾಗಿದೆ? ಹುಷಾರಿಲ್ಲವಾ? ನಮ್ಮೆಲ್ಲರ ಮೇಲೆ ಬೇಜಾರಾಗಿದೆಯಾ? ಏನಿದ್ದರೂ ಹೇಳು. ನನ್ನ ತಲೆಯಲ್ಲಿ ಬರುತ್ತಿರುವುದೆಲ್ಲ ಅದಕ್ಕಿಂತ ಕೆಟ್ಟದಾಗಿದೆ.

ಕಡ್ಡಿ


ಮೇ 20
ಮನೆ

ಪ್ರೀತಿಯ ಕಡ್ಡಿ,

ಮೊದಲು ಮೇಡಂ ವಿಷಯ. ನಾನು ಹೋದಾಗ ಬೆರಳಿಗೆ ಕರವಸ್ತ್ರ ಕಟ್ಟಿಕೊಂಡು ಕೂತಿದ್ದರು. ಬಿಚ್ಚಿದೆ. ಅಲ್ಲೇ ಆಂಬ್ಯುಲೆನ್ಸ್ ಕರೆಸಿ ದೊಡ್ಡಾಸ್ಪತ್ರೆಗೆ ಕಳಿಸಿದೆ. ಕಿರುಬೆರಳು ತೆಗೆದಿದ್ದಾರೆ. ಪಾದ ಉಳಿದಿದೆ. ಇನ್ನೊಂದು ವಾರ ತಡವಾಗಿದ್ದರೆ ಹಾಗೆ ಬರೆಯಲು ಆಗುತ್ತಿರಲಿಲ್ಲ. ಆ ಬೆರಳು ನನ್ನ ಲೆಕ್ಕಕ್ಕೆ.

ಎರಡನೆಯದು. ನನಗೆ ಕಿವಿ ಕೇಳಿಸುವುದಿಲ್ಲ.

ಹೀಗೆ ಬರೆದು ನೋಡಿದ್ದು ಇದೇ ಮೊದಲು. ಎರಡು ವರ್ಷದ ಮೇಲಾಯಿತು. ಒಂದೇ ದಿನ ಹೋದದ್ದಲ್ಲ, ಬಟ್ಟೆಯ ಬಣ್ಣ ಹೋಗುವ ಹಾಗೆ ಹೋಯಿತು. ಮೊದಲು ಫೋನಿನ ಮಾತು, ಆಮೇಲೆ ಬೆನ್ನ ಹಿಂದಿನ ಮಾತು. ಎದುರಿಗೆ ಕೂತವರ ತುಟಿ ನೋಡಿ ತಿಳಿದುಕೊಳ್ಳುವುದನ್ನು ನನಗೆ ಯಾರೂ ಕಲಿಸಲಿಲ್ಲ, ಕಣ್ಣೇ ಕಲಿತುಕೊಂಡಿತು. ಉಳಿದದ್ದನ್ನು ಕಾಂಪೌಂಡರ್ ಮಾಮ ನೋಡಿಕೊಂಡ. ಪೇಷಂಟ್ ಹೇಳಿದ್ದನ್ನೆಲ್ಲ ಅವನು ಇನ್ನೊಂದು ಸಲ ನನ್ನ ಕಡೆ ತಿರುಗಿ ಹೇಳುತ್ತಿದ್ದನಲ್ಲ, "ರಾತ್ರಿ ಹೊತ್ತು ಕೆಮ್ಮು ಜಾಸ್ತಿಯಂತೆ!" ಅಂತ. ವಯಸ್ಸಾಯಿತು, ಮಾತು ಹೆಚ್ಚಾಯಿತು ಅಂತ ಜನ ನಗುತ್ತಿದ್ದರು. ಅವನು ನಗಿಸಿಕೊಂಡ. ನಾನು ಅವನಿಗೆ ಹೇಳಿರಲಿಲ್ಲ, ಅವನೂ ಕೇಳಿರಲಿಲ್ಲ.

ಕಿವಿಗೆ ಮಿಷನ್ ಹಾಕಿಕೊಂಡು ನೋಡಿದೆ. ಫ್ಯಾನು, ಕುರ್ಚಿ ಎಳೆಯುವುದು, ಟ್ರೇ ಬಡಿಯುವುದು ಎಲ್ಲವೂ ಬಂತು, ಮಾತೊಂದು ಬರಲಿಲ್ಲ. ವಿಚಿತ್ರ ನೋಡು, ಸ್ಟೆತಾಸ್ಕೋಪಿನಲ್ಲಿ ಎದೆಬಡಿತ ಇನ್ನೂ ಕೇಳುತ್ತದೆ. ಅದು ಕೆಳಗಿನ ದನಿ. ಮೊದಲು ಹೋಗುವುದು ಮೇಲಿನ, ತೆಳುವಾದ ದನಿಗಳು. ನಿನ್ನದು ಅಂಥ ದನಿ.

ಆಮೇಲೆ ಈ ಮಾಸ್ಕ್ ಬಂತು. ಒಂದೇ ವಾರದಲ್ಲಿ ಊರಿನ ಎಲ್ಲರ ತುಟಿ ಮಾಯ. ಮಾಮನೂ ಇಲ್ಲ. ಫೋನ್ ಎತ್ತಿ ಏನು ಮಾಡಲಿ? ವಿಡಿಯೋ ಅಂದಾಗ ನನಗೆ ಆಸೆ ಹುಟ್ಟಿದ್ದು ಇದಕ್ಕೇ: ಮನೆಯಲ್ಲಿ ಕೂತವರು ಮಾಸ್ಕ್ ಹಾಕಿರುವುದಿಲ್ಲ, ಮತ್ತೆ ಬಾಯಿ ಕಾಣುತ್ತದೆ ಅಂತ. ಅವರು ಮರ್ಯಾದೆ ಕೊಟ್ಟರು.

ಅರ್ಥವಾಗದಾಗ ಹೇಳಲು ನನ್ನ ಹತ್ತಿರ ಒಂದಷ್ಟು ಉತ್ತರಗಳಿವೆ. ಸರಿ. ಒಳ್ಳೇದು. ಹಾಗೇ ಮಾಡಿ. ಹುಷಾರು. ಹತ್ತರಲ್ಲಿ ಒಂಬತ್ತು ಸಲ ಸರಿಹೋಗುತ್ತವೆ, ಜನ ಬಹುಪಾಲು ಅದನ್ನೇ ಕೇಳಲು ಬಂದಿರುತ್ತಾರೆ. ಮೇಡಂ ಹತ್ತನೆಯವರು.

ಕ್ಲಿನಿಕ್ ಮುಚ್ಚಿ ಬೋರ್ಡ್ ಇಳಿಸಬೇಕು ಅಂದುಕೊಂಡಿದ್ದೇನೆ. ಕೇಳಿಸದ ಡಾಕ್ಟರನ್ನು ಇಟ್ಟುಕೊಂಡು ಜನ ಏನು ಮಾಡುತ್ತಾರೆ? ಸ್ಟೂಲ್ ತಂದು ಬಾಗಿಲ ಮುಂದೆ ಇಟ್ಟಿದ್ದೂ ಆಯಿತು. ಅದರ ಮೇಲೆ ಹತ್ತಲು ಇನ್ನೂ ಮನಸ್ಸಾಗಿಲ್ಲ.

ನಿನಗೆ ಯಾಕೆ ಹೇಳಲಿಲ್ಲ ಅಂತ ಕೇಳಬೇಡ.

ಅಮ್ಮ


ಮೇ 27
ಹಾಸ್ಟೆಲ್

ಅಮ್ಮ,

ಕೇಳುವುದಿಲ್ಲ. ಆದರೆ ಈ ಕಾಗದವನ್ನು ಸ್ಟೂಲ್ ಹತ್ತುವ ಮೊದಲು ಓದು.

ರಜೆಗೆ ಬಂದಾಗ ನಾನು ಅಡುಗೆಮನೆಯಿಂದ ಏನಾದರೂ ಕೂಗಿದರೆ, "ಎದುರಿಗೆ ಬಂದು ಮಾತಾಡು, ಇದೇನು ಸಂತೆಯಾ?" ಅಂತ ನೀನು ಬೈಯುತ್ತಿದ್ದೆ. ಹಾಸ್ಟೆಲಿನಲ್ಲಿ ಬೆಳೆದು ನನಗೆ ಮ್ಯಾನರ್ಸ್ ಇಲ್ಲ ಅಂತ ಬೈಯುತ್ತಿದ್ದೀಯ ಅಂದುಕೊಂಡಿದ್ದೆ. ಊಟಕ್ಕೆ ಕೂತಾಗ ನನ್ನನ್ನೇ ದಿಟ್ಟಿಸಿ ನೋಡುತ್ತಿದ್ದೆಯಲ್ಲ, ಪರೀಕ್ಷೆ ಮಾಡುವವರ ಹಾಗೆ. ನಾನು ತಿನ್ನುವ ರೀತಿ ಸರಿಯಿಲ್ಲವೇನೋ ಅಂತ ಹೆದರಿ ತಲೆ ತಗ್ಗಿಸುತ್ತಿದ್ದೆ. ತಗ್ಗಿಸಿದರೆ ನಿನಗೆ ಏನೂ ಕಾಣುತ್ತಿರಲಿಲ್ಲ ಅಲ್ಲವಾ?

ಬೋರ್ಡ್ ಇಳಿಸಬೇಡ. ಅದರ ಮೇಲೆ ಒಂದು ಸಾಲು ಸೇರಿಸು: ಮಾಸ್ಕ್ ತೆಗೆದು, ಬಾಯಿ ಕಾಣುವ ಹಾಗೆ ಕೂರಿ. ಯಾಕೆ ಅಂತ ಕೇಳಿದರೆ ಯಾಕೆ ಅಂತ ಹೇಳು. ಇಡೀ ಊರಿನಲ್ಲಿ ಈಗ ಜನ ಬಾಯಿ ಬಿಟ್ಟು ಕೂರಬಹುದಾದ ಜಾಗ ಅಂದರೆ ಅವರವರ ಮನೆ ಒಂದೇ, ಮತ್ತು ಅಲ್ಲಿಗೆ ನಿನಗೆ ಈಗ ದಾರಿ ಇದೆ. ಕಿಟಕಿಯ ಹತ್ತಿರ ಬೆಳಕಿಗೆ ಎದುರಾಗಿ ಕೂರಿ ಅಂತಲೂ ಬರೆ. ಬೆನ್ನ ಹಿಂದೆ ಬೆಳಕಿದ್ದರೆ ಮುಖ ಕಪ್ಪಾಗುತ್ತದೆ, ನಮ್ಮ ಲೆಕ್ಚರರ್ ಎರಡು ತಿಂಗಳಿಂದ ಬರೀ ನೆರಳು.

ಕಾಂಪೌಂಡರ್ ಮಾಮನನ್ನು ಅವರ ಮನೆಯಿಂದಲೇ ಕಾಲ್‌ಗೆ ಸೇರಿಸೋಣ ಅಂತ ಫೋನ್ ಮಾಡಿದ್ದೆ. "ಮನೆಯಲ್ಲಿರೋದು ಒಂದೇ ಒಳ್ಳೇ ಫೋನು ಪಾಪು, ಅದು ಮೊಮ್ಮಗನ ಕ್ಲಾಸಿಗೆ. ನನ್ನ ಡಬ್ಬದಲ್ಲಿ ಮುಖ ಕಾಣಲ್ಲ, ಬರೀ ಕೂಗಾಡ್ಬಹುದು" ಅಂದರು. ಆಮೇಲೆ "ಕೊನೆಗೂ ನಿನಗೆ ಹೇಳಿದ್ರಾ?" ಅಂತ ಕೇಳಿದರು.

ನಾನು ಬಂದು ಪಕ್ಕದಲ್ಲಿ ಕೂರಬಹುದು. ತುಟಿ ಅರ್ಥವಾಗದಾಗ ನಾನು ಬರೆದು ತೋರಿಸುತ್ತೇನೆ. ವಾರ್ಡನ್ ಪಾಸ್ ಕೊಡುವುದು ನಿಲ್ಲಿಸಿಲ್ಲ, ಕೇಳಿದ್ದೇನೆ.

ಕಡ್ಡಿ


ಜೂನ್ 8
ಕ್ಲಿನಿಕ್

ಪ್ರೀತಿಯ ಕಡ್ಡಿ,

ಸ್ಟೂಲ್ ಹತ್ತಿದೆ. ನಿನ್ನ ಸಾಲು ಬರೆದು ಇಳಿದೆ. ಕೆಳಗೆ ಇನ್ನೊಂದು ಸಾಲು ನಾನೇ ಸೇರಿಸಿದೆ: 'ಡಾಕ್ಟರಿಗೆ ಕಿವಿ ಕೇಳಿಸುವುದಿಲ್ಲ.' ಬರೆಯುವಾಗ 'ಕಿವಿ' ಸ್ವಲ್ಪ ದೊಡ್ಡದಾಯಿತು.

ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗಿತ್ತು. ಮೊದಲ ಮೂರು ದಿನ ಯಾರೂ ಬರಲಿಲ್ಲ. ಮೂರರಲ್ಲಿ ಒಂದು ಪಾಲು ಜನ ಪೇಟೆಯ ಆ ಕಡೆಯ ಡಾಕ್ಟರ ಹತ್ತಿರ ಹೋಗಿದ್ದಾರೆ. ತಪ್ಪಲ್ಲ, ನಾನಾದರೂ ಹೋಗುತ್ತಿದ್ದೆ. ಇಷ್ಟು ವರ್ಷ ತಪ್ಪು ಔಷಧಿ ಬರೆದಿದ್ದೀರೇನೋ ಅಂತ ಒಬ್ಬಾಕೆ ಕೇಳಿದರು, ಮುಖಕ್ಕೆ ಮುಖ ಕೊಟ್ಟು. ಪ್ರತಿ ಅಕ್ಷರವೂ ಕಂಡಿತು.

ಆಮೇಲೆ ಬಡಗಿ ಪರದೆಗೆ ಬಂದ. ಮಾಸ್ಕ್ ತೆಗೆದಿದ್ದ. ಅವನ ಮೀಸೆ ನಿನಗೆ ನೆನಪಿರಬೇಕು, ಮೇಲ್ದುಟಿಯನ್ನು ಪೂರ್ತಿ ಮುಚ್ಚುವಂಥದ್ದು. ನಾನು ಕಣ್ಣು ಕಿರಿದು ಮಾಡಿ ಒದ್ದಾಡುವುದನ್ನು ನೋಡಿ, ಒಂದು ನಿಮಿಷ ಅಂತ ಬೆರಳು ತೋರಿಸಿ ಎದ್ದು ಹೋದ. ವಾಪಸ್ ಬಂದಾಗ ಮೀಸೆ ಇರಲಿಲ್ಲ. "ಈಗ ಕಾಣುತ್ತಾ ಡಾಕ್ಟರಮ್ಮ? ಹೆಂಡ್ತಿ ಇಷ್ಟು ವರ್ಷ ಹೇಳಿದ್ರೂ ತೆಗೆದಿರ್ಲಿಲ್ಲ" ಅಂದ. ನಾನು ಅವನ ಬೆನ್ನುನೋವನ್ನು ಮರೆತು ಅತ್ತುಬಿಟ್ಟೆ. ಅವನು ಗಾಬರಿಯಾಗಿ, "ಮತ್ತೆ ಬೆಳೆಯುತ್ತೆ ಬಿಡಿ" ಅಂದ.

ಎಲ್ಲರೂ ಅಷ್ಟು ಸುಲಭವಲ್ಲ. ಕೆಲವರು ಕಿರುಚುತ್ತಾರೆ, ಕಿರುಚಿದರೆ ತುಟಿ ಸೊಟ್ಟಗಾಗುತ್ತದೆ. ಕೆಲವರು ಮಗುವಿಗೆ ಹೇಳುವ ಹಾಗೆ ಬಾಯಿ ಅಗಲಿಸುತ್ತಾರೆ. ಚಿತ್ರ ನಿಂತರೆ ಮಾತೂ ನಿಂತಂತೆ, ಆಗ ಬರೆದು ತೋರಿಸಿ ಅನ್ನುತ್ತೇನೆ. ಎಲ್ಲರಿಗಿಂತ ಸ್ಪಷ್ಟ ಮೇಡಂ. ಆಸ್ಪತ್ರೆಯಿಂದ ಮನೆಗೆ ಬಂದಿದ್ದಾರೆ. ಪಿಸುಗುಟ್ಟುವವರು ತುಟಿಯನ್ನು ಎಷ್ಟು ಬಿಡಿಸಿ ಆಡಿಸುತ್ತಾರೆ ಗೊತ್ತೇ! ಅವರ ಕ್ಷಮೆ ಕೇಳಿದೆ. "ಬೆರಳು ಹೋಗ್ಲಿ ಬಿಡಿ, ಚಪ್ಪಲಿ ಸಡಿಲ ಆಯ್ತು" ಅಂದರು. ಆಮೇಲೆ ಪರದೆಯ ತುಂಬ ಆ ಪಾದ ಎತ್ತಿ ಹಿಡಿದರು, ನಾನು ಸಾಕು ಅನ್ನುವವರೆಗೂ.

ಬಾಗಿಲು ತೆಗೆದಿದೆ. ಎಷ್ಟು ದಿನವೋ ಗೊತ್ತಿಲ್ಲ, ಆದರೆ ತೆಗೆದಿದೆ. ಇಲ್ಲಿ ಇಡೀ ದಿನ ಜನರ ಬಾಯಿ ಆಡುತ್ತಿರುತ್ತದೆ, ಕೋಣೆಯಲ್ಲಿ ಮಾತ್ರ ಒಂದು ಸದ್ದಿಲ್ಲ. ಗಾಜಿನ ಆಚೆ ಇರುವ ಮೀನುಗಳಿಗೆ ಔಷಧಿ ಬರೆಯುತ್ತಿದ್ದೇನೆ ಅನ್ನಿಸುತ್ತದೆ. ಅಥವಾ ಗಾಜಿನೊಳಗೆ ಇರುವುದು ನಾನೇ ಇರಬಹುದು.

ನೀನು ಬರುವುದು ಬೇಡ. ಅಮ್ಮನ ಕಿವಿಯಾಗಿ ಕೂರಲಿ ಅಂತ ನಿನ್ನನ್ನು ಅಷ್ಟು ದೂರ ಓದಲು ಕಳಿಸಿಲ್ಲ. ನಿನ್ನ ದಾರಿ ನಿನಗಿದೆ. ನೀನೇ ಆರಿಸಿಕೊಂಡು ಹೋದ ಕಾಲೇಜು, ಅದನ್ನು ಚೆನ್ನಾಗಿ ಮುಗಿಸು.

ಅಮ್ಮ


ಜೂನ್ 16
ಹಾಸ್ಟೆಲ್

ಅಮ್ಮ,

ನಿನ್ನ ಕಾಗದದ ಕೊನೆಯ ಸಾಲು ಓದಿ ಎರಡು ದಿನ ಏನೂ ಬರೆಯಲಾಗಲಿಲ್ಲ. ನಾನೇ ಆರಿಸಿಕೊಂಡು ಬಂದ ಕಾಲೇಜು ಅಂತ ಬರೆದಿದ್ದೀಯ. ಹೌದಾ ಅಮ್ಮ? ನೀನು ಹಾಗೆ ತಿಳಿದಿದ್ದೀಯಾ?

ಕಳೆದ ವರ್ಷ ರಿಸಲ್ಟ್ ಬಂದ ದಿನ, ಆ ಹಳೇ ಹಾಸ್ಟೆಲಿನ ಆಫೀಸಿನಿಂದ ನಿನಗೆ ಫೋನ್ ಮಾಡಿದ್ದೆ. ಅಲ್ಲಿನ ಕ್ಲರ್ಕ್ ಪಕ್ಕದಲ್ಲೇ ಕೂತು ಚೀಲ ಹೊಲಿಯುತ್ತಿದ್ದರು. ಅವರಿಗೆ ಕೇಳಿಸದಿರಲಿ ಅಂತ ಗೋಡೆಗೆ ತಿರುಗಿ ಮೆಲ್ಲಗೆ ಮಾತಾಡಿದೆ. ನನಗೆ ಇನ್ನೊಂದು ಹಾಸ್ಟೆಲ್ ಬೇಡ ಅಂದೆ. ಹತ್ತು ವರ್ಷದಿಂದ ಗಂಟೆ ಹೊಡೆದಾಗ ಏಳುತ್ತಿದ್ದೇನೆ, ಗಂಟೆ ಹೊಡೆದಾಗ ತಿನ್ನುತ್ತಿದ್ದೇನೆ, ಸಾಕಾಗಿದೆ ಅಂದೆ. ನಮ್ಮೂರ ಕಾಲೇಜಿಗೇ ಸೇರುತ್ತೇನೆ, ನಿನ್ನ ಜೊತೆ ಇರುತ್ತೇನೆ, ನಿನಗೆ ತೊಂದರೆ ಕೊಡುವುದಿಲ್ಲ, ಕ್ಲಿನಿಕ್ ಮುಗಿಯುವವರೆಗೆ ಒಬ್ಬಳೇ ಇರುವುದು ನನಗೆ ರೂಢಿಯಿದೆ ಅಂದೆ. ಇಷ್ಟನ್ನು ಒಂದೇ ಉಸಿರಿಗೆ ಹೇಳಿದೆ. ನಿಲ್ಲಿಸಿದರೆ ಮತ್ತೆ ಶುರು ಮಾಡಲು ಆಗುತ್ತಿರಲಿಲ್ಲ.

ನೀನು "ಒಳ್ಳೇದು ಕಣೇ. ಹಾಗೇ ಮಾಡು. ಹುಷಾರು" ಅಂದೆ.

ನಾನು ಖುಷಿಯಿಂದ ಕುಣಿದುಬಿಟ್ಟೆ, ಆ ಕ್ಲರ್ಕ್ ಸೂಜಿ ಚುಚ್ಚಿಕೊಳ್ಳುವಷ್ಟು. ಟ್ರಂಕ್ ಹೊತ್ತುಕೊಂಡು ಮನೆಗೆ ಬಂದೆ. ಮೇಜಿನ ಮೇಲೆ ಈ ಕಾಲೇಜಿನ ಅರ್ಜಿ ಇತ್ತು, ನೀನು ಅರ್ಧ ತುಂಬಿದ್ದೆ. "ಸಹಿ ಹಾಕು, ಕೊನೇ ದಿನ ಹತ್ತಿರ ಬಂತು" ಅಂದೆ. ಒಪ್ಪಿದವಳು ಮನಸ್ಸು ಬದಲಾಯಿಸಿದ್ದೀಯ ಅಂದುಕೊಂಡೆ. ನಾನು ಮನೆಯಲ್ಲಿರುವುದನ್ನು ಯೋಚಿಸಿ ನೋಡಿ, ಬೇಡ ಅನ್ನಿಸಿರಬೇಕು ಅಂದುಕೊಂಡೆ. ಒಮ್ಮೆ ಕೇಳಿದ್ದನ್ನು ಇನ್ನೊಮ್ಮೆ ಕೇಳುವ ಧೈರ್ಯ ಬರಲಿಲ್ಲ. ತಲೆ ತಗ್ಗಿಸಿ ಸಹಿ ಹಾಕಿದೆ.

ಒಂದು ವರ್ಷದಿಂದ ಅದನ್ನೇ ನೆನೆಯುತ್ತಾ ಇಲ್ಲಿ ಮಲಗಿದ್ದೇನೆ. ಈಗ ಗೊತ್ತಾಯಿತು, ನಾನು ಹೇಳಿದ್ದು ಯಾರಿಗೂ ತಲುಪಿಯೇ ಇರಲಿಲ್ಲ, ಗೋಡೆಯೊಂದನ್ನು ಬಿಟ್ಟು. ಇದನ್ನು ಬೈಯಲು ಬರೆಯುತ್ತಿಲ್ಲ. ನೀನು ಅಳಬೇಡ. ಅತ್ತರೆ ಬಡಗಿಯನ್ನು ಕರೆಸು, ಅವನಿಗೆ ಅಭ್ಯಾಸವಾಗಿದೆ.

ನಿನ್ನ ಕಿವಿಯ ಕೆಲಸಕ್ಕೆ ಬರುತ್ತೇನೆ ಅಂದದ್ದನ್ನು ವಾಪಸ್ ತೆಗೆದುಕೊಳ್ಳುತ್ತೇನೆ. ಮೇಡಂ, ಬಡಗಿ ಎಲ್ಲರೂ ನಿನ್ನ ಜೊತೆ ಹೇಗೋ ಮಾತಾಡಲು ಕಲಿತಿದ್ದಾರೆ, ಅವರಿಗೆ ನಾನು ಬೇಕಾಗಿಲ್ಲ. ಪೇಷಂಟುಗಳನ್ನು, ಜ್ವರವನ್ನು, ಬಸ್ಸನ್ನು, ನನ್ನ ಓದನ್ನು ಎಲ್ಲ ಒಂದು ಕಡೆ ಇಡು. ಆ ದಿನ ಫೋನಿನಲ್ಲಿ ಕೇಳಿದ್ದನ್ನು ಈಗ ಕಾಗದದಲ್ಲಿ ಕೇಳುತ್ತಿದ್ದೇನೆ, ಇದು ನಿನಗೆ ಪೂರ್ತಿ ಕೇಳಿಸುತ್ತದೆ:

ನಾನು ಮನೆಗೆ ಬಂದು ನಿನ್ನ ಜೊತೆ ಇರಲೇ?

ಅವತ್ತು ಕೇಳಿಸಿದ್ದರೆ ಏನು ಹೇಳುತ್ತಿದ್ದೆಯೋ ಅದನ್ನೇ ಬರೆ. ಬೇಡ ಅಂದಿದ್ದರೆ ಬೇಡ ಅಂತಲೇ ಬರೆ. ಒಳ್ಳೇದು, ಸರಿ, ಹುಷಾರು, ಈ ಮೂರನ್ನು ಬಿಟ್ಟು ಬೇರೆ ಏನಾದರೂ ಬರೆ.

ಅಂಚೆಯವರು ಗುರುವಾರ ಬರುತ್ತಾರೆ. ಬೇಗ ಉತ್ತರ ಕಳಿಸು.

ನಿನ್ನ ಮಗಳು